ತರಗೆಲೆ ಎಲ್ಲಿಗೆ ಹೋಗಬೇಕು

ಕೋಲಾರದಿಂದ ಶ್ರೀನಿವಾಸಪುರದ ಕಡೆಗೆ ಹೋಗುವ ರಸ್ತೆಯ ಪಕ್ಕದ ವಸತಿ ಶಾಲೆಯೊಂದರಲ್ಲಿ ನಾನು ಬಹುಕಾಲ ವಿಜ್ಞಾನ ಪಾಠ ಹೇಳಿದೆ. ನಿವೃತ್ತಿಯಾದ ಮೇಲೆ ಆಡಳಿತ ಮಂಡಳಿಯವರು ಶಾಲೆಯ ಆವರಣವನ್ನು ನೋಡಿಕೊಳ್ಳುವ ಹೊಣೆಯನ್ನು ನನಗೆ ಒಪ್ಪಿಸಿದರು. ಎರಡು ಎಕರೆ ಆಟದ ಮೈದಾನ, ತರಗತಿ ಕಟ್ಟಡಗಳ ಮುಂದೆ ಒಂದು ಎಕರೆಯಷ್ಟು ಹುಲ್ಲುಹಾಸು, ಅದರ ಅಂಚಿನುದ್ದಕ್ಕೂ ಹೊಂಗೆ ಮರಗಳ ಸಾಲು, ಊಟದ ಮನೆಯ ಪಕ್ಕದಲ್ಲಿ ಹಳೆಯ ಹುಣಸೆ ಮರಗಳು, ಹಿಂಬದಿಯಲ್ಲಿ ಮೂರು ಎಕರೆ ಮಾವಿನ ತೋಪು. ಇಷ್ಟನ್ನೂ ಮೂರು ಜನ ಕೆಲಸಗಾರರೊಂದಿಗೆ ನೋಡಿಕೊಳ್ಳಬೇಕು. ಹುಲ್ಲು ಕತ್ತರಿಸಲು ಶಾಲೆ ಒಂದು ಲಾನ್ ಟ್ರ್ಯಾಕ್ಟರ್ ಕೊಂಡಿತ್ತು. ಅದಕ್ಕೆ ಎಲೆ ಮತ್ತು ಕತ್ತರಿಸಿದ ಹುಲ್ಲನ್ನು ಸಂಗ್ರಹಿಸುವ ಯಾವ ಜೋಡಣೆಯನ್ನು ಹಾಕಬೇಕು ಎಂಬ ಪ್ರಶ್ನೆಗೆ ಸರಿಯಾದ ಉತ್ತರ ಕಂಡುಕೊಳ್ಳಲು ನನಗೆ ಮೂರು ವರ್ಷ ಹಿಡಿಯಿತು. ಶಾಲೆ, ಆಶ್ರಮ, ತೋಟದ ಮನೆ ಅಥವಾ ಕಾರ್ಖಾನೆಯ ಆವರಣಗಳನ್ನು ನೋಡಿಕೊಳ್ಳುವ ಯಾರಿಗಾದರೂ ಈ ಅನುಭವ ಉಪಯೋಗಕ್ಕೆ ಬರಬಹುದೆಂದು ಇದನ್ನು ವಿವರವಾಗಿ ಬರೆಯುತ್ತಿದ್ದೇನೆ.

ಈ ಯಂತ್ರವನ್ನು ನೋಡದವರಿಗಾಗಿ ಒಂದು ಮಾತು. ಲಾನ್ ಟ್ರ್ಯಾಕ್ಟರ್ ಎಂದರೆ ಉಳುಮೆಯ ಟ್ರ್ಯಾಕ್ಟರ್ ಅಲ್ಲ. ಒಬ್ಬರು ಕುಳಿತು ಓಡಿಸುವ ಚಿಕ್ಕ ಗಾಡಿ. ಅದರ ಹೊಟ್ಟೆಯ ಕೆಳಗೆ ಅಗಲವಾದ ತಗಡಿನ ಗೂಡು, ಗೂಡಿನೊಳಗೆ ನೆಲಕ್ಕೆ ಸಮಾನಾಂತರವಾಗಿ ತಿರುಗುವ ಎರಡು ಅಥವಾ ಮೂರು ಬ್ಲೇಡ್‌ಗಳು. ಆ ಗೂಡಿಗೆ ಡೆಕ್ ಎನ್ನುತ್ತಾರೆ. ನಮ್ಮದು 42 ಅಂಗುಲದ ಡೆಕ್. ಗಂಟೆಗೆ 5 ಕಿಲೋಮೀಟರ್ ವೇಗದಲ್ಲಿ ಓಡಿಸಿದರೆ ಲೆಕ್ಕದ ಪ್ರಕಾರ ಗಂಟೆಗೆ ಒಂದೂಕಾಲು ಎಕರೆಗಿಂತ ಸ್ವಲ್ಪ ಹೆಚ್ಚು ಕತ್ತರಿಸಬಹುದು. ತಿರುವುಗಳನ್ನೂ ಒಂದರ ಮೇಲೊಂದು ಹಾಯುವ ಅಂಚುಗಳನ್ನೂ ಕಳೆದರೆ ಒಂದು ಎಕರೆ ಎಂದು ಹಿಡಿಯುವುದು ಕ್ಷೇಮ. ಕತ್ತರಿಸಿದ ಹುಲ್ಲು ಡೆಕ್ಕಿನ ಬಲಗಡೆಯ ಬಾಯಿಯಿಂದ ಹೊರಗೆ ಚಿಮ್ಮುತ್ತದೆ. ಆ ಹುಲ್ಲನ್ನು ಏನು ಮಾಡಬೇಕು, ಹುಲ್ಲಿನ ಮೇಲೆ ಉದುರುವ ಎಲೆಯನ್ನು ಏನು ಮಾಡಬೇಕು ಎನ್ನುವಲ್ಲಿಂದಲೇ ನಮ್ಮ ಕಥೆ ಆರಂಭವಾಗುತ್ತದೆ.

ಮೊದಲ ವರ್ಷ ನಾವು ಬ್ಯಾಗರ್ ಕೊಂಡೆವು. ಮಾರಿದವರು ಯಂತ್ರದ ಜೊತೆಗೆ ಅದನ್ನೇ ತೋರಿಸಿ, ಎಲೆಗೂ ಹುಲ್ಲಿಗೂ ಇದೊಂದೇ ಸಾಕು ಎಂದಿದ್ದರು. ನಾನೂ ಹೆಚ್ಚು ವಿಚಾರಿಸಲಿಲ್ಲ. ಬ್ಯಾಗರ್ ಕೆಲಸ ಮಾಡುವ ಕ್ರಮ ಸರಳವಾದದ್ದು: ಡೆಕ್ಕಿನ ಬಾಯಿಗೆ ಒಂದು ಪ್ಲಾಸ್ಟಿಕ್ ಕೊಳವೆಯನ್ನು ಸಿಕ್ಕಿಸುತ್ತಾರೆ, ಅದು ಮೇಲಕ್ಕೆ ಬಾಗಿ ಸೀಟಿನ ಹಿಂದೆ ತೂಗುವ ಎರಡು ಚೀಲಗಳಿಗೆ ಸೇರುತ್ತದೆ, ಬ್ಲೇಡ್ ತಿರುಗುವಾಗ ಏಳುವ ಗಾಳಿಯೇ ಹುಲ್ಲನ್ನು ಕೊಳವೆಯ ಮೂಲಕ ತಳ್ಳುತ್ತದೆ. ಗಾಳಿಯೇ ಇದರ ಜೀವ. ಆದ್ದರಿಂದ ಬ್ಲೇಡಿನ ಹಿಂಬದಿಯ ರೆಕ್ಕೆ ಎತ್ತರವಾಗಿ ಬಾಗಿದ್ದಷ್ಟೂ ಬ್ಯಾಗರ್ ಚೆನ್ನಾಗಿ ಎಳೆಯುತ್ತದೆ. ಇದನ್ನು ಹೈ ಲಿಫ್ಟ್ ಬ್ಲೇಡ್ ಎನ್ನುತ್ತಾರೆ. ಆದರೆ ಆ ಬ್ಲೇಡ್ ಎಂಜಿನ್ನಿನ ಮೇಲೆ ಹೊರೆ ಹೆಚ್ಚಿಸುತ್ತದೆ. ನಮ್ಮ ಕೆಂಪುಮಣ್ಣಿನ ನೆಲದಲ್ಲಿ ಮರಳನ್ನೂ ಸಣ್ಣ ಕಲ್ಲನ್ನೂ ಮೇಲಕ್ಕೆಳೆದುಕೊಂಡು ಬೇಗ ಸವೆಯುತ್ತದೆ ಎಂಬುದು ನನಗೆ ತಿಳಿದದ್ದು ಎರಡು ಜೊತೆ ಬ್ಲೇಡ್ ಹಾಳಾದ ಮೇಲೆ.

ಸಂಕ್ರಾಂತಿ ಕಳೆದು ಹೊಂಗೆ ಎಲೆ ಹಳದಿಗೆ ತಿರುಗಿತು. ನಮ್ಮ ಕಡೆ ಹೊಂಗೆ ಎಲೆ ಉದುರಿಸುವುದು ಒಂದೆರಡು ದಿನದ ಕೆಲಸವಲ್ಲ. ಶಿವರಾತ್ರಿಯ ಆಸುಪಾಸಿನವರೆಗೂ ದಿನವೂ ನೆಲಕ್ಕೆ ಹೊಸ ಹೊದಿಕೆ ಬೀಳುತ್ತಲೇ ಇರುತ್ತದೆ. ಯುಗಾದಿಯ ಹೊತ್ತಿಗೆ ಮರವೆಲ್ಲ ಹೊಸ ಚಿಗುರು. ಆ ಆರೇಳು ವಾರ ಬ್ಯಾಗರ್ ನಮ್ಮನ್ನು ಬಹಳ ದಣಿಸಿತು. ಎಲೆಯ ಜೊತೆಗೆ ಬೀಳುವ ಹೊಂಗೆ ಕಾಯಿಗಳೂ ಕಡ್ಡಿಗಳೂ ಕೊಳವೆಯ ಬಾಗಿನಲ್ಲಿ ಅಡ್ಡ ಸಿಕ್ಕಿಕೊಳ್ಳುತ್ತಿದ್ದವು. ಅವುಗಳ ಹಿಂದೆ ಎಲೆ ಗಟ್ಟಿಯಾಗಿ ತುಂಬಿಕೊಂಡು ಡೆಕ್ಕಿನ ಕೆಳಗೇ ಸುತ್ತುತ್ತಿತ್ತು. ಪ್ರತಿ ಸಲ ಎಂಜಿನ್ ಆರಿಸಿ, ಕೀಲಿ ತೆಗೆದು, ಬ್ಲೇಡ್ ಪೂರ್ತಿ ನಿಂತಿದೆಯೆಂದು ನೋಡಿ, ಕೋಲಿನಿಂದ ಕೆದಕಬೇಕು. ಕೆದಕುವಾಗ ಯಾರೂ ಬರಿಗೈಯನ್ನು ಒಳಗೆ ಹಾಕಬಾರದೆಂದು ನಾನು ಕಟ್ಟುನಿಟ್ಟು ಮಾಡಿದ್ದೆ, ಈಗಲೂ ಹಾಗೆಯೇ ಮಾಡುತ್ತೇನೆ. ಓಡಿಸುವವನ ಮೈತುಂಬ ಕೆಂಪು ಧೂಳು. ಕೊಳವೆ ಬಲಗಡೆಗೆ ಚಾಚಿಕೊಂಡಿರುವುದರಿಂದ ಮರದ ಬುಡವನ್ನು ಆ ಬದಿಯಿಂದ ಸುತ್ತಲು ಬರುವುದಿಲ್ಲ. ಎಡಗಡೆಯಿಂದಲೇ ಸುತ್ತಬೇಕು, ಅಂದರೆ ಸಾಲಿನ ಪ್ರತಿ ಮರಕ್ಕೂ ದಾರಿ ಬದಲಿಸಬೇಕು. ತುಂಬಿದ ಚೀಲಗಳು ಹಿಂದಿನ ಗಾಲಿಗಿಂತ ಹಿಂದೆ ತೂಗುವುದರಿಂದ ಏರಿನಲ್ಲಿ ಮುಂದಿನ ಗಾಲಿಗಳು ಹಗುರಾಗಿ ಸ್ಟಿಯರಿಂಗ್ ಕೈಗೆ ಸಿಗುವುದಿಲ್ಲ. ಮುಂದುಗಡೆ ಕಟ್ಟುವ ತೂಕದ ಕಲ್ಲುಗಳನ್ನು ಬ್ಯಾಗರ್ ಜೊತೆಗೇ ಕೊಳ್ಳಬೇಕಾಗಿತ್ತು. ಅದನ್ನು ನಮಗೆ ಯಾರೂ ಹೇಳಿರಲಿಲ್ಲ.

ಇಷ್ಟೆಲ್ಲ ಮಾಡಿ ಸಂಗ್ರಹಿಸಿದ ಎಲೆಯನ್ನು ನಾವು ಆವರಣದ ಮೂಲೆಯಲ್ಲಿ ರಾಶಿ ಹಾಕಿದೆವು. ಮಾರ್ಚ್ ತಿಂಗಳ ಒಂದು ಸಂಜೆ ನಮ್ಮವರೇ ಯಾರೋ ಅದಕ್ಕೆ ಬೆಂಕಿಯಿಟ್ಟರು. ಹೊಗೆ ವಿದ್ಯಾರ್ಥಿ ನಿಲಯದೊಳಕ್ಕೆ ನುಗ್ಗಿತು. ಉಬ್ಬಸದ ತೊಂದರೆಯಿದ್ದ ಒಬ್ಬ ಹುಡುಗನನ್ನು ಆ ರಾತ್ರಿ ನಾನೇ ಕೋಲಾರಕ್ಕೆ ಕರೆದುಕೊಂಡು ಹೋದೆ. ತೋಪಿನ ಅಂಚಿನಲ್ಲಿದ್ದ ಎರಡು ಎಳೆಯ ಮಾವಿನ ಗಿಡಗಳು ಬಾಡಿ ಹೋದವು. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ತೋಟದ ಕಸವನ್ನು ಬೇರೆಯಾಗಿ, ತಮ್ಮ ಆವರಣದಲ್ಲೇ ಇಟ್ಟುಕೊಳ್ಳಬೇಕೆಂದು ಹೇಳಿದ್ದವು ಎಂಬುದನ್ನು ನಾನೇ ಮಕ್ಕಳಿಗೆ ತರಗತಿಯಲ್ಲಿ ವಿವರಿಸಿದ್ದೆ. ನಮ್ಮದೇ ಅಂಗಳದಲ್ಲಿ ಹೀಗಾದದ್ದು ನನಗೆ ಇಂದಿಗೂ ನೋವಿನ ವಿಷಯ.

ಮರುದಿನ ಬೂದಿಯ ಪಕ್ಕದಲ್ಲಿ ನಿಂತಿದ್ದಾಗ, ಆವರಣವನ್ನು ನನಗಿಂತ ಮೊದಲಿನಿಂದ ಗುಡಿಸುತ್ತಿದ್ದ ಹಿರಿಯ ಹೆಂಗಸು, ನಾವೆಲ್ಲ ಅಕ್ಕ ಎಂದೇ ಕರೆಯುವವರು, ಒಂದು ಮಾತು ಹೇಳಿದರು. "ಮೇಷ್ಟ್ರೇ, ಎಲೆ ಎತ್ತೋದೇನು ದೊಡ್ಡ ಕೆಲ್ಸ ಅಲ್ಲ. ಎತ್ತಿದ್ದನ್ನ ಎಲ್ಲಿಗೆ ಹಾಕ್ತೀರ, ಅದನ್ನ ಮೊದ್ಲು ಹೇಳಿ." ನಾನು ಯಂತ್ರದ ಕುದುರೆಶಕ್ತಿ, ಚೀಲದ ಅಳತೆ, ಬೆಲೆ ಇವುಗಳನ್ನು ಹಿಡಿದುಕೊಂಡು ಲೆಕ್ಕ ಹಾಕಿದ್ದೆ. ಅವರು ಕೇಳಿದ್ದು ಎಲೆ ಹೋಗಿ ಸೇರುವ ಜಾಗವನ್ನು. ಜೋಡಣೆಯ ಆಯ್ಕೆ ಅಲ್ಲಿಂದಲೇ ಹಿಂದಕ್ಕೆ ಬರಬೇಕು ಎಂದು ನನಗೆ ಹೊಳೆದದ್ದು ಆಗ.

ನಮ್ಮ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ವರ್ಷಕ್ಕೆ ಸುಮಾರು 700 ಮಿಲಿಮೀಟರಿನ ಆಸುಪಾಸಿನ ಮಳೆ, ಅದರಲ್ಲೂ ದೊಡ್ಡ ಪಾಲು ಸೆಪ್ಟೆಂಬರ್, ಅಕ್ಟೋಬರ್‌ಗಳಲ್ಲಿ. ಸಾವಿರ ಅಡಿಗಿಂತ ಆಳದ ಕೊಳವೆಬಾವಿ ಇಲ್ಲಿ ಯಾರಿಗೂ ಆಶ್ಚರ್ಯದ ಸಂಗತಿಯಲ್ಲ. 2018ರಲ್ಲಿ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಯೋಜನೆಯಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ಲಕ್ಷ್ಮೀಸಾಗರ ಕೆರೆಗೆ ಬಂದು, ಅಲ್ಲಿಂದ ಒಂದೊಂದೇ ಕೆರೆ ತುಂಬಲಾರಂಭಿಸಿದ ಮೇಲೆ ಕೆಲವು ಕಡೆ ಬಾವಿಗಳು ಚೇತರಿಸಿಕೊಂಡಿವೆ. ಆದರೂ ಬೇಸಿಗೆಯಲ್ಲಿ ಮಾವಿನ ಬುಡಕ್ಕೆ ನೀರು ಕೊಡುವಾಗ ಪ್ರತಿ ಕೊಡವನ್ನೂ ಯೋಚಿಸಿಯೇ ಕೊಡಬೇಕು. ಇಂಥ ನೆಲದಲ್ಲಿ ಮಣ್ಣಿನ ಮೇಲೆ ನಾಲ್ಕು ಅಂಗುಲ ಎಲೆಯ ಮುಚ್ಚಿಗೆ ಹಾಕಿದರೆ ಬಿಸಿಲು ನೇರವಾಗಿ ನೆಲವನ್ನು ಮುಟ್ಟುವುದಿಲ್ಲ, ತೇವ ಆರುವುದು ನಿಧಾನವಾಗುತ್ತದೆ. ಹೊಂಗೆಸೊಪ್ಪನ್ನು ಗದ್ದೆಗೂ ಹೊಲಕ್ಕೂ ಗೊಬ್ಬರವಾಗಿ ತುಳಿಸುತ್ತಿದ್ದ ಹಿರಿಯರು ನಮ್ಮ ಸುತ್ತಲಿನ ಪ್ರತಿ ಊರಿನಲ್ಲೂ ಇದ್ದರು. ನಾವು ಸುಟ್ಟದ್ದು ಕಸವನ್ನಲ್ಲ, ತೋಪಿಗೆ ಸಲ್ಲಬೇಕಾದ ಒಂದು ವರ್ಷದ ಫಸಲನ್ನು.

ಹಾಗೆ ನೋಡಿದಾಗ ಲೆಕ್ಕವೇ ಬದಲಾಯಿತು. ಹೊಂಗೆ ಸಾಲಿನ ಕೆಳಗಿನ ಕಾಲು ಎಕರೆ ಜಾಗದಲ್ಲಿ ಒಂದು ಅಂಗುಲ ದಪ್ಪಕ್ಕೆ ಎಲೆ ಬಿದ್ದಿದೆ ಎಂದುಕೊಳ್ಳೋಣ. ಕಾಲು ಎಕರೆ ಎಂದರೆ ಸುಮಾರು 1,000 ಚದರ ಮೀಟರ್. ಒಂದು ಅಂಗುಲ ಎಂದರೆ ಎರಡೂವರೆ ಸೆಂಟಿಮೀಟರ್. ಒಟ್ಟು 25 ಘನ ಮೀಟರ್, ಅಂದರೆ 25,000 ಲೀಟರ್ ಜಾಗ ಹಿಡಿಯುವ ಸಡಿಲ ಎಲೆ. ಎರಡು ಚೀಲದ ಬ್ಯಾಗರ್ ಸುಮಾರು 230 ಲೀಟರ್ ಹಿಡಿಯುತ್ತದೆ. ಟ್ರ್ಯಾಕ್ಟರ್ ಹಿಂದೆ ಎಳೆಯುವ, ಬ್ರಷ್‌ಗಳಿಂದ ಎಲೆ ಗುಡಿಸಿ ತುಂಬಿಕೊಳ್ಳುವ ಸ್ವೀಪರ್ ಎಂಬ ಗಾಡಿಯ ತೊಟ್ಟಿ 20 ಘನ ಅಡಿಯದಾದರೆ 560 ಲೀಟರಿಗಿಂತ ಸ್ವಲ್ಪ ಹೆಚ್ಚು. ಎಲೆಯನ್ನು ಇಡಿಯಾಗಿ ತುಂಬಿದರೆ ಮೊದಲನೆಯದಕ್ಕೆ ನೂರಕ್ಕೂ ಹೆಚ್ಚು ಸಲ, ಎರಡನೆಯದಕ್ಕೆ ನಲವತ್ತೈದು ಸಲ ಹೋಗಿ ಬರಬೇಕು. ಬ್ಯಾಗರ್‌ಗೆ ಬರುವ ಎಲೆ ಬ್ಲೇಡಿಗೆ ಸಿಕ್ಕಿ ಚೂರಾಗಿ ಬರುತ್ತದೆಯಾದ್ದರಿಂದ ವಾಸ್ತವದಲ್ಲಿ ಅದಕ್ಕೆ ಅಷ್ಟು ಸುತ್ತು ಬೇಕಾಗುವುದಿಲ್ಲ, ಅದನ್ನು ಒಪ್ಪಬೇಕು. ಆದರೆ ಈ ಮಾತೇ ಇನ್ನೊಂದು ದಾರಿಯನ್ನೂ ತೋರಿಸಿತು. ಮೊದಲು ಡೆಕ್ಕನ್ನು ಎತ್ತರಕ್ಕೆ ಇಟ್ಟು, ಕೊಳವೆ ಚೀಲಗಳಿಲ್ಲದೆ, ಎಲೆಯ ಮೇಲೆ ಒಂದು ಸಲ ಟ್ರ್ಯಾಕ್ಟರ್ ಹಾಯಿಸಿ ಒರಟಾಗಿ ಚೂರು ಮಾಡಿ, ಅನಂತರ ಸ್ವೀಪರ್ ಎಳೆದರೆ? ಎಲೆಯ ಗಾತ್ರ ಮೂರರಲ್ಲಿ ಒಂದು ಪಾಲಿಗೆ ಇಳಿದರೂ ನಲವತ್ತೈದು ಸುತ್ತು ಹದಿನೈದಾಗುತ್ತದೆ.

ಎರಡನೆಯ ವರ್ಷ ಸ್ವೀಪರ್ ತರಿಸಿದೆವು. ಇದಕ್ಕೆ ಎಂಜಿನ್ ಇಲ್ಲ. ಟ್ರ್ಯಾಕ್ಟರಿನ ಹಿಂದಿನ ಕೊಂಡಿಗೆ ಒಂದು ಪಿನ್ ಹಾಕಿ ಎಳೆಯುವ ಎರಡು ಗಾಲಿಯ ಗಾಡಿ. ಗಾಲಿ ತಿರುಗಿದಂತೆ ಗೇರಿನ ಮೂಲಕ ಬ್ರಷ್‌ಗಳ ಸಾಲು ಗಾಲಿಗಿಂತ ಹಲವು ಪಟ್ಟು ವೇಗವಾಗಿ ತಿರುಗಿ, ಎಲೆಯನ್ನು ಕೆಳಗಿನಿಂದ ಎತ್ತಿ ಹಿಂದಿನ ಬಟ್ಟೆಯ ತೊಟ್ಟಿಗೆ ಎಸೆಯುತ್ತದೆ. ತೊಟ್ಟಿ ತುಂಬಿದಾಗ ಕುಳಿತಲ್ಲಿಂದಲೇ ಹಗ್ಗ ಎಳೆದರೆ ಅದು ಮಗುಚಿಕೊಳ್ಳುತ್ತದೆ. ಕಾಯಿ, ಕಡ್ಡಿ ಬಂದರೂ ಬಹುಪಾಲು ಎಲೆಯ ಜೊತೆಗೇ ಹಾರಿ ಬೀಳುತ್ತವೆ. ಸಿಕ್ಕಿಕೊಂಡರೂ ಬಿಡಿಸುವುದು ಸುಲಭ. ಸದ್ದು ಕಡಿಮೆ. ಟ್ರ್ಯಾಕ್ಟರಿನ ಗೇರು ವ್ಯವಸ್ಥೆ ಭಾರ ಎಳೆಯಲು ಮಾಡಿದ್ದಲ್ಲವಾದ್ದರಿಂದ, ಒಣ ಎಲೆಯ ಹಗುರ ಹೊರೆ ಅದಕ್ಕೆ ಹಿತ.

ಸ್ವೀಪರಿನ ಗುಟ್ಟೆಲ್ಲ ಬ್ರಷ್ಷಿನ ಎತ್ತರದಲ್ಲಿದೆ. ಇದನ್ನು ನಾನು ಇಷ್ಟು ಒತ್ತಿ ಹೇಳಲು ಕಾರಣ, ಸ್ವೀಪರ್ ಕೊಂಡು ಉಪಯೋಗವಿಲ್ಲವೆಂದು ಮೂಲೆಗೆ ತಳ್ಳಿದವರನ್ನು ನಾನು ನೋಡಿದ್ದೇನೆ. ಅವರು ಬ್ರಷ್ಷನ್ನು ನೆಲಕ್ಕೆ ಒತ್ತಿ ಓಡಿಸಿರುತ್ತಾರೆ. ಬ್ರಷ್ಷಿನ ತುದಿ ಹುಲ್ಲಿನ ತಲೆಯೊಳಕ್ಕೆ ಅರ್ಧ ಅಂಗುಲ ಮಾತ್ರ ಇಳಿಯಬೇಕು. ಅದಕ್ಕಿಂತ ಕೆಳಗಿಳಿದರೆ ಮಣ್ಣನ್ನು ಕೆರೆಯುತ್ತದೆ, ಎಳೆಗಳು ಸವೆಯುತ್ತವೆ, ಗಾಲಿಗಳು ತಿರುಗದೆ ಜಾರುತ್ತವೆ. ಮೇಲಿದ್ದರೆ ಎಲೆ ಹಿಂದೆಯೇ ಉಳಿಯುತ್ತದೆ. ನಮ್ಮ ಮೈದಾನದ ಹುಲ್ಲು ಗರಿಕೆ. ಗಣೇಶನಿಗೆ ಏರಿಸುವ ಅದೇ ಗರಿಕೆಯನ್ನೇ ಲಾನ್ ಮಾಡುವವರು ಬರ್ಮುಡಾ ಹುಲ್ಲು ಎಂದು ಮಾರುತ್ತಾರೆ. ಅದನ್ನು ಒಂದೂವರೆ ಅಂಗುಲಕ್ಕೆ ಕತ್ತರಿಸಿ ಇಟ್ಟರೆ ಬ್ರಷ್ ಅತ್ಯುತ್ತಮವಾಗಿ ಕೆಲಸ ಮಾಡುತ್ತದೆ. ಹುಲ್ಲು ಮೂರು ಅಂಗುಲ ಬೆಳೆದಿದ್ದರೆ ಎಲೆ ಒಳಗೆ ಹೂತುಹೋಗುತ್ತದೆ. ವೇಗ ಚುರುಕಾದ ನಡಿಗೆಯಷ್ಟಿರಲಿ. ಬೆಳಿಗ್ಗೆ ಇಬ್ಬನಿ ಆರುವ ಮೊದಲು ಹೊರಡಬೇಡಿ. ಒದ್ದೆ ಎಲೆ ಬ್ರಷ್ಷಿಗೆ ಅಂಟಿಕೊಂಡು ಸುತ್ತುತ್ತದೆಯೇ ಹೊರತು ತೊಟ್ಟಿಗೆ ಬೀಳುವುದಿಲ್ಲ. ಗಾಲಿಯ ಗೇರುಗಳಿಗೆ ಧೂಳು ಸೇರದಂತೆ ಆಗಾಗ ಬಿಚ್ಚಿ ಒರೆಸಿ ಗ್ರೀಸ್ ಹಚ್ಚಬೇಕು. ತೊಟ್ಟಿಯನ್ನು ಬಿಸಿಲಿನಲ್ಲಿ ಬಿಟ್ಟರೆ ಬಟ್ಟೆ ಒಂದೆರಡು ವರ್ಷದಲ್ಲೇ ಪುಡಿಯಾಗುತ್ತದೆ.

ಆದರೂ ಮೊದಲ ವಾರ ಹೊತ್ತೆಲ್ಲ ಓಡಾಟಕ್ಕೇ ಹೋಗುತ್ತಿತ್ತು. ಗೊಬ್ಬರದ ಗುಂಡಿ ಅಡುಗೆಮನೆಯ ಹಿಂದೆ, ಹೊಂಗೆ ಸಾಲು ಹೆಬ್ಬಾಗಿಲ ಬಳಿ. ಪ್ರತಿ ತೊಟ್ಟಿಗೂ ಆವರಣದ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಿ ಬರಬೇಕು. ಅಕ್ಕನ ಪ್ರಶ್ನೆಯನ್ನು ಮತ್ತೆ ನೆನೆದು, ಎಲೆಯನ್ನು ಗುಂಡಿಗೆ ಒಯ್ಯುವ ಬದಲು ಗುಂಡಿಯನ್ನೇ ಎಲೆಯ ಹತ್ತಿರಕ್ಕೆ ತಂದೆವು: ಹೊಂಗೆ ಸಾಲಿನ ಎರಡು ತುದಿಗಳಲ್ಲಿ ಮತ್ತು ತೋಪಿನ ಬಾಯಿಯಲ್ಲಿ ಬಿದಿರು ಮತ್ತು ಕೋಳಿಬಲೆಯಿಂದ ಮೂರು ದೊಡ್ಡ ಗೂಡುಗಳನ್ನು ಕಟ್ಟಿದೆವು. ಆಮೇಲೆ ಅರ್ಧ ದಿನದ ಕೆಲಸ ಎರಡು ಗಂಟೆಗೆ ಬಂತು. ಯಂತ್ರಕ್ಕೆ ಇನ್ನಷ್ಟು ಹಣ ಹಾಕಿದ್ದರೂ ಇಷ್ಟು ಉಳಿತಾಯ ಆಗುತ್ತಿರಲಿಲ್ಲ. ಆದ್ದರಿಂದ ಜೋಡಣೆ ಕೊಳ್ಳುವ ಮೊದಲು ಒಂದು ಹಾಳೆಯ ಮೇಲೆ ಆವರಣದ ನಕ್ಷೆ ಬರೆದು, ಎಲೆ ಎಲ್ಲಿ ಬೀಳುತ್ತದೆ, ಎಲ್ಲಿಗೆ ಹೋಗಬೇಕು, ನಡುವೆ ಏರು ಎಷ್ಟು, ಗೇಟಿನ ಅಗಲ ಎಷ್ಟು ಎಂದು ಗುರುತು ಹಾಕಿಕೊಳ್ಳಿ ಎಂದು ನಾನು ಕೇಳಿದವರಿಗೆಲ್ಲ ಹೇಳುತ್ತೇನೆ.

ಮಳೆಗಾಲದ ಮಾತೇ ಬೇರೆ. ಆಗ ಎಲೆ ಕಡಿಮೆ, ಹುಲ್ಲು ಹೆಚ್ಚು. ಒದ್ದೆ ಹುಲ್ಲು ಸ್ವೀಪರಿಗೂ ಬೇಡ, ಬ್ಯಾಗರ್‌ಗೂ ಬೇಡ. ಹಸಿ ಹುಲ್ಲಿನ ತೂಕದಲ್ಲಿ ಮುಕ್ಕಾಲಿಗಿಂತ ಹೆಚ್ಚು ಬರೀ ನೀರು. ಆ ತಿಂಗಳುಗಳಲ್ಲಿ ಹುಲ್ಲನ್ನು ಸಂಗ್ರಹಿಸುವ ಅಗತ್ಯವಾದರೂ ಏನು ಎಂದು ಯೋಚಿಸಿದೆ. ಹುಲ್ಲಿನ ಎತ್ತರದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಒಂದೇ ಸಲಕ್ಕೆ ಕತ್ತರಿಸದಿದ್ದರೆ, ಬಿದ್ದ ಚೂರುಗಳು ಬೇಗ ಕೊಳೆತು ಮಣ್ಣಿಗೆ ಸೇರುತ್ತವೆ. ಹುಲ್ಲುಹಾಸಿಗೆ ವರ್ಷಕ್ಕೆ ಬೇಕಾಗುವ ಸಾರಜನಕದ ಸುಮಾರು ಕಾಲು ಭಾಗ ಹೀಗೆ ವಾಪಸು ಬರುತ್ತದೆ. ಬಿಟ್ಟ ಹುಲ್ಲಿನಿಂದ ಬುಡದಲ್ಲಿ ಸತ್ತ ನಾರಿನ ದಪ್ಪ ಪದರ ಕಟ್ಟುತ್ತದೆ ಎಂಬ ಭಯ ಹಲವರಿಗಿದೆ; ಆ ಪದರ ಕಟ್ಟುವುದು ಬೇರು ಮತ್ತು ಬಳ್ಳಿಕಾಂಡಗಳಿಂದ, ಕತ್ತರಿಸಿದ ಎಲೆಯ ಚೂರಿನಿಂದಲ್ಲ. ಆದ್ದರಿಂದ ಡೆಕ್ಕಿನ ಬಾಯಿಯನ್ನು ಮುಚ್ಚಿ, ಹುಲ್ಲನ್ನು ಒಳಗೇ ಮತ್ತೆ ಮತ್ತೆ ಕತ್ತರಿಸಿ ಕೆಳಕ್ಕೆ ಬೀಳಿಸುವ ಮಲ್ಚಿಂಗ್ ಮುಚ್ಚಳ ಮತ್ತು ಅದಕ್ಕೆ ತಕ್ಕ ಬ್ಲೇಡ್‌ಗಳನ್ನು ಹಾಕಿಸಿದೆವು. ಎಲ್ಲ ಜೋಡಣೆಗಳಲ್ಲಿ ನಮಗೆ ಅತಿ ಕಡಿಮೆ ಖರ್ಚಿನದು ಇದು, ವರ್ಷದಲ್ಲಿ ಅತಿ ಹೆಚ್ಚು ದಿನ ಕೆಲಸಕ್ಕೆ ಬರುವುದೂ ಇದೇ. ವಾರಕ್ಕೊಮ್ಮೆ ತಪ್ಪದೆ ಕತ್ತರಿಸಬೇಕು ಎಂಬ ಶಿಸ್ತು ಮಾತ್ರ ಬೇಕು. ಹದಿನೈದು ದಿನ ಬಿಟ್ಟರೆ ಹುಲ್ಲು ಮುದ್ದೆಯಾಗಿ ಬಿದ್ದು ಕೆಳಗಿನದನ್ನು ಉಸಿರುಗಟ್ಟಿಸುತ್ತದೆ.

ಹಾಗೆ ಬಿಟ್ಟ ಸಂದರ್ಭಗಳಿಗಾಗಿಯೇ ಬ್ಯಾಗರನ್ನು ಇಟ್ಟುಕೊಂಡಿದ್ದೇವೆ. ಸ್ವಾತಂತ್ರ್ಯ ದಿನದ ಕವಾಯತಿಗೆ ಮೊದಲು ಬೆಳೆದ ಹುಲ್ಲನ್ನು ತಗ್ಗಿಸಬೇಕಾದಾಗ, ಮೈದಾನದ ಅಂಚಿನಲ್ಲಿ ಪಾರ್ಥೇನಿಯಂ ಹೂಬಿಟ್ಟಾಗ ಅದು ಬೇಕೇ ಬೇಕು. ಕಾಂಗ್ರೆಸ್ ಗಿಡ ಎಂದು ನಮ್ಮಲ್ಲಿ ಹೇಳುವ ಆ ಕಳೆಯನ್ನು ಮಲ್ಚಿಂಗ್ ಮಾಡಿದರೆ ಬೀಜವನ್ನು ನಾವೇ ಬಿತ್ತಿದಂತೆ. ಬ್ಯಾಗರ್ ಕೊಳ್ಳುವವರು ಒಂದು ಸಂಗತಿಯನ್ನು ಖಚಿತ ಮಾಡಿಕೊಳ್ಳಬೇಕು: ಅದು ಸ್ವೀಪರಿನಂತೆ ಯಾವ ಗಾಡಿಗಾದರೂ ಹೊಂದುವುದಿಲ್ಲ, ನಿಮ್ಮ ಯಂತ್ರದ ಮಾದರಿಗೂ ಡೆಕ್ಕಿನ ಅಗಲಕ್ಕೂ ಮಾಡಿದ್ದೇ ಆಗಬೇಕು.

ಇನ್ನು ಎಂಜಿನ್ ಇರುವ ವ್ಯಾಕ್ಯೂಮ್ ಗಾಡಿ. ಡೆಕ್ಕಿನ ಬಾಯಿಯಿಂದ ದಪ್ಪ ಕೊಳವೆಯ ಮೂಲಕ ಎಲೆಯನ್ನು ಹೀರಿ, ಒಳಗಿನ ಉಕ್ಕಿನ ರೆಕ್ಕೆಗಳಿಂದ ಪುಡಿಮಾಡಿ ಹಿಂದಿನ ಪೆಟ್ಟಿಗೆಗೆ ತುಂಬುತ್ತದೆ. ಸಾಮರ್ಥ್ಯದಲ್ಲಿ ಇದಕ್ಕೆ ಸಮನಿಲ್ಲ. ಆದರೆ ಬೆಲೆ ಹೆಚ್ಚು, ಎರಡನೆಯ ಎಂಜಿನ್ನಿನ ಆರೈಕೆ ಬೇರೆ, ಸದ್ದು ಬಹಳ, ಮತ್ತು ನಮ್ಮ ನೆಲದ ಬೆಣಚುಕಲ್ಲಿನ ಚೂರುಗಳು ಆ ರೆಕ್ಕೆಗಳಿಗೆ ಶತ್ರು. ತರಗತಿ ನಡೆಯುವ ಹೊತ್ತಿನಲ್ಲಿ ಅದನ್ನು ಓಡಿಸಲಾಗುವುದಿಲ್ಲ. ನಮಗೆ ಅದು ಬೇಡವೆಂದು ನಿರ್ಧರಿಸಿದೆ.

ಗೂಡುಗಳಲ್ಲಿ ಎಲೆಯನ್ನು ಗೊಬ್ಬರ ಮಾಡುವ ಕೆಲಸದಲ್ಲೂ ತಪ್ಪುಗಳಾದವು. ಬರೀ ತರಗೆಲೆ ಹಾಕಿದ ಗೂಡು ಎಂಟು ತಿಂಗಳಾದರೂ ಹಾಗೇ ಇತ್ತು. ಒಣಗಿದ ಅಡಿಭಾಗಕ್ಕೆ ಗೆದ್ದಲು ಹತ್ತಿತು. ಬರೀ ಹಸಿ ಹುಲ್ಲು ಹಾಕಿದ್ದು ಮೂರೇ ದಿನದಲ್ಲಿ ಲೋಳೆಯಾಗಿ ನಾರಿತು. ಕೊಳೆಯುವ ರಾಶಿಗೆ ಒಂದು ಪಾಲು ಸಾರಜನಕಕ್ಕೆ 25ರಿಂದ 30 ಪಾಲು ಇಂಗಾಲ ಇರಬೇಕು ಎಂದು ನಾನೇ ಪಾಠ ಮಾಡಿದ್ದೆ. ತರಗೆಲೆಯಲ್ಲಿ ಇಂಗಾಲ ಅದಕ್ಕಿಂತ ಬಹಳ ಹೆಚ್ಚು, ಹಸಿ ಹುಲ್ಲಿನಲ್ಲಿ ಕಡಿಮೆ. ಈಗ ಮೂರು ಮಂಕರಿ ಚೂರು ಎಲೆಗೆ ಒಂದು ಮಂಕರಿ ಹಸಿ ಹುಲ್ಲು, ನಡುನಡುವೆ ಸಗಣಿ ನೀರು. ಬೇಸಿಗೆಯ ಎಲೆಯನ್ನು ಗೂಡಿನಲ್ಲಿ ಕಾಯ್ದಿಟ್ಟು, ಆಗಸ್ಟಿನಲ್ಲಿ ಬ್ಯಾಗರ್ ತರುವ ಹುಲ್ಲನ್ನು ಅದರೊಂದಿಗೆ ಬೆರೆಸುತ್ತೇವೆ. ರಾಶಿಯ ಅಗಲ, ಎತ್ತರ ಮೂರಡಿಗಿಂತ ಕಡಿಮೆಯಾದರೆ ಅದು ಬಿಸಿಯೇರುವುದಿಲ್ಲ. ಮಾವಿನ ಎಲೆ ದಪ್ಪ, ಕೊಳೆಯಲು ಬಹಳ ಕಾಲ ಬೇಕು. ಅದನ್ನು ಗೂಡಿಗೆ ತರುವುದೇ ಇಲ್ಲ, ರೋಗ ಹತ್ತಿದ್ದನ್ನು ಆರಿಸಿ ತೆಗೆದು ಉಳಿದದ್ದನ್ನು ತೋಪಿನಲ್ಲೇ ಬಿಡುತ್ತೇವೆ. ಮುಚ್ಚಿಗೆ ಹಾಕುವಾಗ ಕಾಂಡದಿಂದ ಒಂದಡಿ ದೂರ ಬಿಡುವುದು ಗೆದ್ದಲಿನ ಭಯದಿಂದ.

ಹುಣಸೆ ಎಲೆಗೆ ಮಾತ್ರ ಯಾವ ಯಂತ್ರವೂ ಸಿಗಲಿಲ್ಲ. ಕಾಳಿನಷ್ಟು ಚಿಕ್ಕ ಆ ಎಲೆಗಳು ಬ್ರಷ್ಷಿನ ಸಂದಿಯಿಂದ ಜಾರಿ ಹುಲ್ಲಿನ ಬುಡಕ್ಕೆ ಇಳಿದುಬಿಡುತ್ತವೆ. ಬ್ರಷ್ಷನ್ನು ತಗ್ಗಿಸಿ ನೋಡಿದೆ, ಎರಡು ಸಲ ಹಾಯಿಸಿ ನೋಡಿದೆ. ಅಕ್ಕ ಕಡ್ಡಿಪೊರಕೆ ಹಿಡಿದು ಊಟದ ಮನೆಯ ಮೆಟ್ಟಿಲನ್ನು ಗುಡಿಸುತ್ತಾ ನಿಂತು ನೋಡುತ್ತಿದ್ದರು. "ಅದನ್ನ ಬಿಟ್ಬಿಡಿ ಮೇಷ್ಟ್ರೇ, ಅದಾಗ್ಲೇ ಮನೆ ಸೇರ್ಕೊಂಡೈತೆ," ಎಂದರು. ಸ್ವೀಪರಿನ ಪಿನ್ ಎತ್ತಿ, ಗಾಡಿಯನ್ನು ಹೊಂಗೆ ಸಾಲಿನ ಕಡೆಗೆ ತಿರುಗಿಸಿಕೊಂಡು ಮತ್ತೆ ಹಾಕಿದೆ. ಅಲ್ಲಿ ಇನ್ನೂ ನಾಲ್ಕು ತೊಟ್ಟಿಯಷ್ಟು ಎಲೆ ಬಿದ್ದಿತ್ತು.